ಇನ್ನೊಂದು ಲೇಪ

ಅತ್ತಿಗೆ ಬಂದೂಕನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಮೇಲೆ ಹಗ್ಗ ಬಿಗಿದು, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಗಂಡನ ತಮ್ಮನ ಮನೆಗೆ ತಂದಿದ್ದಳು. ಪಕ್ಕದ ಸೀಟಿನವಳು ಏನದು ಅಂತ ಕೇಳಿದ್ದಕ್ಕೆ ಪರದೆ ಕಟ್ಟುವ ಕೋಲು ಅಂದಳಂತೆ. ಆ ಹೆಂಗಸು ಬಿಡದೆ, ಅಷ್ಟು ಭಾರದ ಪರದೆ ಯಾವುದಮ್ಮಾ ಅಂತ ಕೇಳಿದಳಂತೆ. ಇದನ್ನು ಹೇಳುವಾಗ ಅತ್ತಿಗೆ ನಕ್ಕಳು. ನಗು ತುಟಿಯಿಂದ ಮೇಲಕ್ಕೆ ಹೋಗಲಿಲ್ಲ.

ತುದಿಯಲ್ಲಿ ತುಕ್ಕು ಬಂದಿದೆ, ಮಾವನ ಕೈಕೆಲಸ ಹಾಳಾಗುವುದು ಬೇಡ, ನಿನ್ನ ಹತ್ತಿರ ಕೊಡೋಣವೇ ಅಂದಿದ್ದಕ್ಕೆ ನಿಮ್ಮಣ್ಣನೂ ಆಗಲಿ ಅಂದರು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದ ಹಾಗಿತ್ತು. ಟೀ ಕುಡಿದು, ತಮ್ಮನ ಹೆಂಡತಿಯ ಜೊತೆ ಅದೂ ಇದೂ ಮಾತಾಡಿ, ಹೊರಟು ನಿಂತು ಚಪ್ಪಲಿ ಮೆಟ್ಟುವಾಗ ಮಾತ್ರ ತಮ್ಮನ ಮುಖ ನೋಡದೆ ಹೇಳಿದಳು.

"ನಿಧಾನವಾಗಿ ಮಾಡು. ಅವಸರ ಏನೂ ಇಲ್ಲ."

ಗೇಟಿನ ಹತ್ತಿರ ಹೋಗಿ ಅದನ್ನೇ ಇನ್ನೊಂದು ಸಲ ಹೇಳಿದಳು. ತಮ್ಮ ಅದನ್ನು ದಾಕ್ಷಿಣ್ಯದ ಮಾತು ಅಂದುಕೊಂಡ.

ಅಣ್ಣತಮ್ಮಂದಿರ ಅಪ್ಪ ಬಂದೂಕು ರಿಪೇರಿ ಮಾಡುವವನಾಗಿದ್ದ. ಬೀಗದಂಗಡಿಗಳ ಸಾಲಿನ ಕೊನೆಯಲ್ಲಿ, ಒಬ್ಬ ನಿಂತರೆ ಇನ್ನೊಬ್ಬ ಕೂರಬೇಕಾದಂಥ ಅಂಗಡಿ. ಊರಿನವರ ಬಂದೂಕುಗಳನ್ನೆಲ್ಲ ಹೊಸದು ಮಾಡಿಕೊಟ್ಟವನು ತನಗೆ ಅಂತ ಮಾಡಿಕೊಂಡದ್ದು ಇದೊಂದನ್ನೇ. ನಳಿಗೆಯ ಬುಡದಲ್ಲಿ ಉಗುರಿನಷ್ಟು ಚಿಕ್ಕದೊಂದು ಮೀನಿನ ಗುರುತು ಕೊರೆದಿದ್ದ. ಯಾಕೆ ಮೀನು ಅಂತ ಮಕ್ಕಳು ಕೇಳಿದರೆ, ಆನೆ ಕೊರೆಯೋಕೆ ಬರಲ್ಲ ಅದಕ್ಕೆ ಅನ್ನುತ್ತಿದ್ದ. ಸಾಯುವ ಮುಂಚೆ ಬಂದೂಕನ್ನು ದೊಡ್ಡವನ ಹೆಸರಿಗೆ ಮಾಡಿಸಿದ, ಅರ, ಬ್ರಷ್ಷು, ಸೀಸೆಗಳ ಪೆಟ್ಟಿಗೆಯನ್ನು ಚಿಕ್ಕವನಿಗೆ ಕೊಟ್ಟ. ಇಬ್ಬರೂ ಆ ಕಸುಬಿಗೆ ಬರಲಿಲ್ಲ. ಚಿಕ್ಕವನು ರಸಾಯನಶಾಸ್ತ್ರ ಓದಿ ಕಾಲೇಜೊಂದರ ಪ್ರಯೋಗಾಲಯ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ದೊಡ್ಡವನು ಹಡಗುಕಟ್ಟೆಯಲ್ಲಿ ಕ್ರೇನ್ ಹತ್ತಿದ. ಅಲ್ಲಿನವರು ಅವನನ್ನು ಹದ್ದು ಅನ್ನುತ್ತಿದ್ದರು. ಅಷ್ಟೆತ್ತರದ ಗಾಜಿನ ಗೂಡಿನಲ್ಲಿ ಕೂತು, ಲಾರಿಯ ಮೇಲಿನ ಟೀ ಲೋಟ ಅಲುಗದ ಹಾಗೆ ಕಬ್ಬಿಣದ ಪೆಟ್ಟಿಗೆ ಇಳಿಸುತ್ತಾನೆ ಅಂತ ಅವನ ಹೆಸರು ಹಡಗುಕಟ್ಟೆಯಲ್ಲೆಲ್ಲ ಓಡಾಡುತ್ತಿತ್ತು.

ಕಳೆದ ಚಳಿಗಾಲದಲ್ಲಿ ಕ್ರೇನಿನ ಒಂದು ಹಗ್ಗ ತುಂಡಾಯಿತು. ಕೆಳಗೆ ಕೊಕ್ಕೆ ಹಾಕುವ ಕೆಲಸದವನು ನಿಂತಿದ್ದ. ವಿಚಾರಣೆ ನಡೆದು, ಹಗ್ಗ ಹಳೆಯದಾಗಿತ್ತು, ಮೇಲಿದ್ದವನ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಎಲ್ಲರೂ ಬಂದು ಅಣ್ಣನ ಕೈ ಕುಲುಕಿದರು. ನಿನ್ನ ತಪ್ಪಿಲ್ಲ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಸತ್ತವನ ತಮ್ಮನೂ ಬಂದು ಹೇಳಿದ. ಅಣ್ಣ ಎಲ್ಲರಿಗೂ ತಲೆಯಾಡಿಸಿದ. ಮತ್ತೆ ಕೆಲಸಕ್ಕೆ ಹೋದ ದಿನ ಏಣಿಯ ಅರ್ಧಕ್ಕೆ ಹತ್ತಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಇಳಿದು ಮನೆಗೆ ಬಂದವನು ಆಮೇಲೆ ಹೋಗಲೇ ಇಲ್ಲ. ಕೈ ನಡುಗುತ್ತಿತ್ತು. ಲೋಟ ಹಿಡಿದರೆ ಟೀ ತಟ್ಟೆಗೆ ಚೆಲ್ಲುತ್ತಿತ್ತು. ಮೊದಲೇ ಮಾತು ಕಡಿಮೆ ಇದ್ದವನಿಗೆ ಈಗ ಬೇಕೆಂದರೂ ಸಿಗದ ಹಾಗಾಯಿತು.

ಅತ್ತಿಗೆ ಹೋದ ಮೇಲೆ ತಮ್ಮ ಹಿತ್ತಿಲಿನ ಬೆಳಕಿನಲ್ಲಿ ಗಂಟು ಬಿಚ್ಚಿದ. ತುಕ್ಕು ಹಿಡಿದ ಬಂದೂಕನ್ನು ಮುಟ್ಟುವ ಮುಂಚೆ ನೋಡಬೇಕು ಅನ್ನುವುದು ಅಪ್ಪನ ಪಾಠ. ಬೆವರಿನಲ್ಲಿ ಉಪ್ಪಿದೆ, ಕೈ ಎಲ್ಲಿಗೆ ಹೋಗುತ್ತದೋ ತುಕ್ಕು ಅಲ್ಲಿಗೆ ಬರುತ್ತದೆ. ಬೇಟೆಗಾರನದಾದರೆ ನಡುವಿನಲ್ಲಿ, ಎಡಗೈ ಹಿಡಿಯುವ ಕಡೆ. ಕಾವಲುಗಾರನದಾದರೆ ಹೆಗಲಿಗೆ ತಾಗುವ ಕಡೆ. ಗೋಡೆಗೆ ತೂಗುಹಾಕುವ ಶೋಕಿಯವನದಾದರೆ ಎಲ್ಲ ಕಡೆಯೂ ಸಮನಾಗಿ, ಸೋಮಾರಿ ತುಕ್ಕು. ಅಪ್ಪ ಗಿರಾಕಿಯ ಮುಖ ನೋಡದೆ ಬಂದೂಕು ನೋಡಿಯೇ ಅವನ ಹಣೆಬರಹ ಹೇಳುತ್ತಿದ್ದ.

ಈ ಬಂದೂಕಿನ ನಡುವೆ ದೂಳಿತ್ತು. ಬುಡದಲ್ಲೂ ದೂಳು, ಮೀನಿನ ಗುರುತಿನ ಗೆರೆಗಳಲ್ಲೂ ದೂಳು. ತುಕ್ಕು ಇದ್ದದ್ದು ನಳಿಗೆಯ ಬಾಯಿಯ ಸುತ್ತ, ಒಂದು ಹಿಡಿಯಷ್ಟು ಅಗಲ. ಹೊಸ ತುಕ್ಕು, ಕುಂಬಳದ ಬಣ್ಣದ್ದು. ಒಂದು ಬದಿಗೆ ನಾಲ್ಕು ಬೆರಳು, ಇನ್ನೊಂದು ಬದಿಗೆ ಹೆಬ್ಬೆರಳು. ಒಂದರ ಮೇಲೊಂದು ಬಿದ್ದು ಮಸುಕಾಗಿದ್ದರೂ ಎಣಿಸಲು ಬರುವ ಹಾಗಿದ್ದವು. ಅಲ್ಲಿ ಹಿಡಿದದ್ದು ಒಂದು ಸಲವಲ್ಲ.

ಬಂದೂಕನ್ನು ಯಾರ ಕಡೆಗೋ ಹಿಡಿಯುವವನ ಕೈ ಅಲ್ಲಿಗೆ ಹೋಗುವುದಿಲ್ಲ. ತನ್ನ ಕಡೆಗೆ ತಿರುಗಿಸಿಕೊಂಡವನ ಕೈ ಮಾತ್ರ ಹೋಗುತ್ತದೆ.

ಒಳಗಿನಿಂದ ಹೆಂಡತಿ ಏನೋ ಕೇಳಿದಳು. ತಮ್ಮ ಹೊದಿಕೆಯ ಅಂಚನ್ನು ನಳಿಗೆಯ ಬಾಯಿಯ ಮೇಲೆ ಎಳೆದ. ಅವಳು ಬಾಗಿಲಿಗೆ ಬಂದು, ಅವನ ಮುಖ ನೋಡಿ, ಒಲೆಯ ಕಡೆಗೆ ಹಿಂತಿರುಗಿದಳು.

ಮಾರನೆಯ ದಿನ ಅವನು ಅತ್ತಿಗೆ ಕೆಲಸ ಮಾಡುವ ಬಟ್ಟೆ ಹೊಲಿಯುವ ಕಾರ್ಖಾನೆಯ ಹತ್ತಿರ ಹೋಗಿ, ಊಟದ ಬಿಡುವಿನಲ್ಲಿ ಅವಳನ್ನು ಕಂಡ. ನಾನು ನೋಡಿದೆ ಅಂದ. ಏನನ್ನು ಅಂತ ಅವಳು ಕೇಳಲಿಲ್ಲ. ಕೈಯಲ್ಲಿದ್ದ ದಾರದ ಎಳೆಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಹೇಳಿದಳು.

"ಸಾಮಾನಿನ ಕೋಣೆ ಬಾಗಿಲು ತೆಗೆದೆ. ಟ್ರಂಕಿನ ಮೇಲೆ ಕೂತಿದ್ರು. ನನ್ನ ನೋಡಿ, ಒರೆಸ್ತಾ ಇದೀನಿ ಅಂದ್ರು. ಕೈಯಲ್ಲಿ ಬಟ್ಟೆ ಇರಲಿಲ್ಲ."

ತಮ್ಮನಿಗೆ ತೋಚಿದ್ದನ್ನೆಲ್ಲ ಅವಳು ಮೊದಲೇ ಯೋಚಿಸಿ ಮುಗಿಸಿದ್ದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಾಳೆ. ಅಲ್ಲಿ ಗಂಡ ಎಲ್ಲ ಚೆನ್ನಾಗಿದೆ, ನಿದ್ದೆ ಒಂದು ಬರಲ್ಲ ಅನ್ನುತ್ತಾರೆ, ಡಾಕ್ಟರು ನಿದ್ದೆಗೆ ಬರೆದುಕೊಡುತ್ತಾರೆ. ಬಂದೂಕನ್ನು ಠಾಣೆಗೆ ಕೊಡೋಣ ಅಂದರೆ ಅದು ಅವರ ಹೆಸರಿನಲ್ಲಿದೆ, ಅವರೇ ಹೋಗಬೇಕು, ಯಾಕೆ ಅಂತ ಯಾರು ಬಾಯಿಬಿಟ್ಟು ಹೇಳುವುದು? ತೋಟಾಗಳ ಡಬ್ಬಿ ಮನೆಯಲ್ಲೆಲ್ಲೋ ಇದೆ. ಅವಳು ತಡಕದ ಜಾಗ ಇಲ್ಲ, ಸಿಕ್ಕಿಲ್ಲ. ಸಿಕ್ಕಿದರೂ ಏನಾಯಿತು ಅಂದಳು. "ಬಂದೂಕು ಹೋದ್ರೆ ಮಹಡಿ ಇಲ್ವಾ? ಹಡಗುಕಟ್ಟೆ ಇಲ್ವಾ? ನಾನು ಎಷ್ಟಕ್ಕೆ ಅಂತ ಬೀಗ ಹಾಕಲಿ?" ಗಂಟೆ ಬಾರಿಸಿತು. ಎದ್ದು ಸೆರಗು ಕೊಡವಿ, ಮೂರನೆಯ ಸಲ ಹೇಳಿದಳು. "ಅದಕ್ಕೇ ನಿಧಾನವಾಗಿ ಮಾಡು ಅಂದದ್ದು."

ತುಕ್ಕು ತೆಗೆದು ನಳಿಗೆಗೆ ಕಪ್ಪು ಬಣ್ಣ ಕೂರಿಸುವ ಆ ಕೆಲಸದ ಗುಣವೇ ನಿಧಾನ. ಪೇಟೆಯಲ್ಲಿ ಸಿಗುವ ದ್ರಾವಣ ಒರೆಸಿದರೆ ನಿಮಿಷದಲ್ಲಿ ಕಬ್ಬಿಣ ನೀಲಿಗಪ್ಪಾಗುತ್ತದೆ, ವರ್ಷದಲ್ಲಿ ಎದ್ದುಹೋಗುತ್ತದೆ. ಅಪ್ಪನದು ಹಳೆಯ ದಾರಿ. ಕಬ್ಬಿಣಕ್ಕೆ ತುಕ್ಕು ಹಿಡಿಸಿ, ಆ ತುಕ್ಕನ್ನೇ ಕುದಿಸಿ ಕಪ್ಪು ಮಾಡಿ, ಆ ಕಪ್ಪನ್ನೇ ಕಬ್ಬಿಣಕ್ಕೆ ಚರ್ಮದ ಹಾಗೆ ತೊಡಿಸುವುದು. ತಮ್ಮ ಮರದ ಹಿಡಿ ಬಿಚ್ಚಿಟ್ಟು, ನಳಿಗೆಯನ್ನು ಎಮರಿ ಕಾಗದದಿಂದ ಉದ್ದಕ್ಕೆ ಉಜ್ಜಿ ಬೆಳ್ಳಗೆ ಮಾಡಿದ. ಬೆರಳಚ್ಚುಗಳು ಮೊದಲ ಸಲ ಉಜ್ಜಿದಾಗಲೇ ಹೋದವು. ಎರಡೂ ತುದಿಗೆ ಮರದ ಬಿರಡೆ ಬಡಿದು, ಸೋಡಾ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆದ. ಆಮೇಲೆ ಅದನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಕೈಜಿಡ್ಡು ತಾಗಿದ ಕಡೆ ಬಣ್ಣ ಏಳುವುದಿಲ್ಲ, ಬಿರಡೆ ಹಿಡಿದೇ ಎತ್ತಬೇಕು. ಆಸಿಡ್ಡಿನಲ್ಲಿ ಕಬ್ಬಿಣದ ಪುಡಿ ಕರಗಿಸಿ ಮಾಡಿದ ದ್ರಾವಣವನ್ನು ಹತ್ತಿಯ ಉಂಡೆಗೆ ಅದ್ದಿ, ಹಿಂಡಿ, ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ, ಒಂದೇ ಎಳೆತಕ್ಕೆ ಬುಡದಿಂದ ತುದಿಯವರೆಗೆ ಸವರಬೇಕು. ಎಳೆದ ಕಡೆ ಮತ್ತೆ ಎಳೆಯಬಾರದು. ಸವರಿದ್ದನ್ನು ಬಚ್ಚಲುಮನೆಯಲ್ಲಿ, ಬಿಸಿನೀರಿನ ಬಕೆಟ್ಟಿನ ಹಬೆಯಲ್ಲಿ ತೂಗುಹಾಕಿ ಬಾಗಿಲು ಮುಚ್ಚಬೇಕು. ಮರುದಿನ ಸಂಜೆಗೆ ಅದರ ಮೇಲೆ ಕೆಂಪು ಮಖಮಲ್ಲಿನಂತೆ ತುಕ್ಕು ಬಂದಿರುತ್ತದೆ. ತಗಡಿನ ಉದ್ದ ತೊಟ್ಟಿಯನ್ನು ಎರಡು ಸ್ಟೌಗಳ ಮೇಲಿಟ್ಟು, ಶುದ್ಧ ಮಾಡಿದ ನೀರು ಕುದಿಸಿ, ನಳಿಗೆಯನ್ನು ಅದರಲ್ಲಿಳಿಸಿದರೆ ಕಣ್ಣೆದುರೇ ಕೆಂಪು ಕಪ್ಪಾಗುತ್ತದೆ. ಸಡಿಲ ಕಪ್ಪನ್ನು ಉಕ್ಕಿನ ನಾರಿನಿಂದ ಉಜ್ಜಿ ತೆಗೆದರೆ ಕೆಳಗೆ ತೆಳು ಬೂದು ಉಳಿಯುತ್ತದೆ. ಮತ್ತೆ ಸವರು, ಮತ್ತೆ ತೂಗುಹಾಕು, ಮತ್ತೆ ಕುದಿಸು. ಲೇಪದ ಮೇಲೆ ಲೇಪ ಕೂತು ಬೂದು ಕಪ್ಪಿಗೆ ತಿರುಗುತ್ತದೆ.

ಹೆಂಡತಿಗೆ ಅವನು ವಿಷಯ ಹೇಳಿರಲಿಲ್ಲ. ಬಚ್ಚಲು ಕೈತಪ್ಪಿ ಹೋದದ್ದಷ್ಟೇ ಅವಳಿಗೆ ಕಾಣುತ್ತಿದ್ದದ್ದು. ಟವೆಲು ಹೆಗಲಿಗೆ ಹಾಕಿಕೊಂಡು ಬಂದು, "ಏನ್ರೀ, ನಿಮ್ಮ ಬಂದೂಕಿನ ಸ್ನಾನ ಆಯ್ತಾ, ನಾನು ಹೋಗಬಹುದಾ?" ಅನ್ನುವಳು. ಮದುವೆಯಾದಾಗಿನಿಂದ ತನಗೆ ಅಷ್ಟು ಬಿಸಿನೀರು ಯಾರೂ ಕಾಯಿಸಿಕೊಟ್ಟಿಲ್ಲ ಅಂತ ಮೇಲಿನ ಮನೆಯವಳ ಹತ್ತಿರ ಹೇಳಿಕೊಂಡು ನಗುವಳು.

ಎರಡನೆಯ ಲೇಪ ಕುದಿಸುತ್ತಿದ್ದ ಸಂಜೆ ಅಣ್ಣ ಬಂದ. ಮನೆ ಬಿಟ್ಟು ಹೊರಗೆ ಬಾರದೆ ತಿಂಗಳುಗಳೇ ಆಗಿದ್ದವನು ಬಾಗಿಲಲ್ಲಿ ನಿಂತು, ಈ ಕಡೆ ಬಂದಿದ್ದೆ ಅಂದ. ಈ ಕಡೆ ಬರುವಂಥದು ಏನೂ ಇರಲಿಲ್ಲ. ಅಡುಗೆಮನೆಗೆ ಬಂದು, ಬಕೆಟ್ಟೊಂದನ್ನು ಬೋರಲು ಹಾಕಿಕೊಂಡು, ತೊಟ್ಟಿಯ ಪಕ್ಕ ಕೂತ. ಕೆಂಪು ಕಪ್ಪಾಗುವುದನ್ನು ಮೂಗು ಹಬೆಗೆ ತಾಗುವಷ್ಟು ಬಗ್ಗಿ ನೋಡಿದ. "ಅಪ್ಪನ ವಾಸನೆ" ಅಂದ. ಅಷ್ಟೇ ಮಾತು. ಆಮೇಲೆ ದಿನವೂ ಬರತೊಡಗಿದ. ಎಷ್ಟನೇದು ಅನ್ನುವನು, ತಮ್ಮ ಹೇಳುವನು. ಟೀ ಬರುವುದು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ತುಟಿಯನ್ನೇ ಲೋಟದ ಹತ್ತಿರ ತರುವನು. ಮನೆಯಲ್ಲಿ ಊಟ ಸ್ವಲ್ಪ ಸೇರುತ್ತಿದೆ ಅಂತ ಅತ್ತಿಗೆ ಫೋನಿನಲ್ಲಿ ಹೇಳಿದಳು. ಹೇಳಿ, ಅದೃಷ್ಟ ಕದಡಿಬಿಟ್ಟೆನೇನೋ ಎಂಬ ಹಾಗೆ ಫೋನಿಟ್ಟುಬಿಟ್ಟಳು.

ಈ ನಡುವೆ ಲೇಪಗಳು ಚೆನ್ನಾಗಿ ಕೂರುತ್ತಿದ್ದವು. ತಮ್ಮನ ಕೈಗೆ ಕೆಲಸ ಒಲಿದದ್ದು ಅದೇ ಮೊದಲು. ಚಿಕ್ಕಂದಿನಲ್ಲಿ ಅವನು ಸವರಿದರೆ ಕಲೆ, ಉಜ್ಜಿದರೆ ಗೀರು, ಅಪ್ಪ ಅವನನ್ನು ಪುಸ್ತಕ ಹಿಡಿ ಹೋಗು ಅಂದದ್ದೇ ಅದಕ್ಕೆ. ಈಗ ನೋಡಿದರೆ ಒಂದು ಕಲೆಯಿಲ್ಲ. ಇನ್ನೆರಡು ಲೇಪ, ಆಮೇಲೆ ಎಣ್ಣೆ. ಎಣ್ಣೆ ಹಾಕಿದ ಮೇಲೆ ಹಿಡಿ ಜೋಡಿಸಬೇಕು. ಜೋಡಿಸಿದ ಮೇಲೆ ಬಂದೂಕಿನವನಿಗೆ ಬಂದೂಕು ಕೊಡಬೇಕು. ಅವನು ರಾಸಾಯನಿಕಗಳ ಬೀರುವಿನ ಮುಂದೆ ನಿಂತು ಹುಡುಗರಿಗೆ ಆಸಿಡ್ ಅಳೆದು ಕೊಡುತ್ತಿರುವಾಗಲೂ ಇದೇ ಯೋಚನೆ. ಅಣ್ಣನ ಹತ್ತಿರ ಮಾತಾಡಬೇಕು. ಏನಂತ ಮಾತಾಡುವುದು? ವಾಕ್ಯಗಳನ್ನು ಕಟ್ಟಿಕೊಂಡು ಮನೆಗೆ ಬರುವನು. ಅಣ್ಣ ಬಕೆಟ್ಟಿನ ಮೇಲೆ ಕೂತ ಕೂಡಲೇ ಅವು ಒಂದೊಂದಾಗಿ ಎದ್ದುಹೋಗುವವು. ಬಾಯಿಂದ ಬರುವುದು ಒಂದೇ, ಸಕ್ಕರೆ ಸಾಕಾ ಅಣ್ಣ.

ಹಾಗೆ ಒಂದು ಬೆಳಿಗ್ಗೆ ಅವನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಹೆಬ್ಬೆರಳನ್ನು ಕಿವಿಯ ಹಿಂದಿನ ಜಿಡ್ಡಿಗೆ ಉಜ್ಜಿ, ನಳಿಗೆಯ ನಟ್ಟನಡುವೆ ಒತ್ತಿದ. ಅದರ ಮೇಲೆ ದ್ರಾವಣ ಸವರಿದ.

ಸಂಜೆ ಅಣ್ಣನ ಎದುರಿಗೇ ಕುದಿಸಿದಾಗ ಅಲ್ಲೊಂದು ಬಿಳಿಚು ಮಚ್ಚೆ ಎದ್ದು ಬಂತು. ತಮ್ಮ ಹಣೆ ಚಚ್ಚಿಕೊಂಡು, ನೀರು ಸರಿಯಿಲ್ಲ ಅಂದ. ಪ್ರಯೋಗಾಲಯದ ನೀರು ಶುದ್ಧ ಮಾಡುವ ಯಂತ್ರವನ್ನು, ಅದನ್ನು ನೋಡಿಕೊಳ್ಳುವವನನ್ನು, ಅವನನ್ನು ಕೆಲಸಕ್ಕಿಟ್ಟುಕೊಂಡವರನ್ನು ಬೈದ. ಮಚ್ಚೆ ಹೋಗಬೇಕಾದರೆ ಇಡೀ ನಳಿಗೆಯನ್ನು ಎಮರಿಯಲ್ಲಿ ಉಜ್ಜಿ ಮತ್ತೆ ಬೆಳ್ಳಗೆ ಮಾಡಬೇಕು, ಮೊದಲಿನಿಂದ ಶುರು ಮಾಡಬೇಕು. ಅಣ್ಣ ಎದ್ದು ಹೋಗುವಾಗ, ಹಾಗಾದ್ರೆ ನಾಳೆ ಬರ್ತೀನಿ ಅಂದ.

ಎರಡನೆಯ ಸಲ ಹೀಗಾದಾಗ ಹತ್ತಿ ಸರಿಯಿಲ್ಲ ಅಂದ. ಮೂರನೆಯ ಸಲ ಮತ್ತೆ ನೀರಿಗೇ ಬಂದ. ಆ ಹೊತ್ತಿಗೆ ಹೆಂಡತಿ ಬಚ್ಚಲಿಗಾಗಿ ಬೇರೆ ಮನೆ ನೋಡಬೇಕಾದೀತು ಎಂಬಲ್ಲಿಗೆ ಬಂದಿದ್ದಳು. ಒಂದು ಬೆಳಿಗ್ಗೆ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಅವನು ಕಿವಿಯ ಹಿಂದೆ ಹೆಬ್ಬೆರಳು ಉಜ್ಜುವುದನ್ನು, ಅದನ್ನು ನಳಿಗೆಯ ಮೇಲೆ ಒತ್ತುವುದನ್ನು ಅವಳು ನೋಡಿದಳು. ಏನು ಮಾಡ್ತಿದ್ದೀರಿ ಅಂತ ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಅವಳು ಟವೆಲನ್ನು ಹೆಗಲಿಗೆ ಹಾಕಿಕೊಂಡು ಮೇಲಿನ ಮನೆಗೆ ಸ್ನಾನಕ್ಕೆ ಹೋದಳು. ಅಂದಿನಿಂದ ಬಂದೂಕಿನ ತಮಾಷೆ ನಿಂತಿತು. ಅಣ್ಣನ ಟೀಗೆ ಬಿಸ್ಕತ್ತು ಬರತೊಡಗಿತು.

ಆದರೆ ಪ್ರತಿ ಸಲ ಉಜ್ಜಿದಾಗಲೂ ಎಮರಿ ತನ್ನ ಪಾಲು ತೆಗೆದುಕೊಳ್ಳುತ್ತದೆ. ಮೀನಿನ ರೆಕ್ಕೆ ಮೊದಲು ಹೋಯಿತು. ಆಮೇಲೆ ಬಾಲದ ಗೆರೆ ತೆಳುವಾಯಿತು. ತಮ್ಮ ಆ ಜಾಗವನ್ನು ಬಿಟ್ಟು ಉಜ್ಜಲು ನೋಡಿದ. ಬಿಟ್ಟರೆ ಅಲ್ಲಿ ಬಣ್ಣ ಏಳುವುದಿಲ್ಲ. ಅಪ್ಪ ಒಂದು ಮಧ್ಯಾಹ್ನವೆಲ್ಲ ನಾಲಿಗೆ ಕಚ್ಚಿಕೊಂಡು ಕೊರೆದಿದ್ದ ಮೀನು ಅವನ ಕೈಯಲ್ಲೇ ಸವೆಯುತ್ತಿತ್ತು. ಅದು ಪೂರ್ತಿ ಹೋಗುವ ಮುಂಚೆ ಏನಾದರೂ ಆಗಬೇಕು ಅನ್ನಿಸುತ್ತಿತ್ತು. ಏನು ಆಗಬೇಕು ಅನ್ನುವುದು ಗೊತ್ತಿರಲಿಲ್ಲ.

ನಾಲ್ಕನೆಯ ಸಲ ಮಚ್ಚೆ ಎದ್ದ ಸಂಜೆ ಅಣ್ಣ ಬಕೆಟ್ಟಿನಿಂದ ಎದ್ದು, ಬಿರಡೆ ಹಿಡಿದು ನಳಿಗೆಯನ್ನು ತೊಟ್ಟಿಯಿಂದ ಎತ್ತಿದ. ನೀರು ತೊಟ್ಟಿಕ್ಕುತ್ತಿತ್ತು. ಕಿಟಕಿಯ ಬೆಳಕಿಗೆ ತಿರುಗಿಸಿ ಮಚ್ಚೆಯನ್ನು ನೋಡಿದ. ಉದ್ದುದ್ದನೆಯ ಬಿಳಿಚು ಮಚ್ಚೆ. ಅದರ ನಡುವೆ ಅಡ್ಡಡ್ಡ ಒಂದು ಕಪ್ಪು ಗೆರೆ.

"ಇದು ನಿನ್ನ ಹೆಬ್ಬೆರಳು" ಅಂದ.

ತಮ್ಮ ಸ್ಟೌವಿನ ಉರಿ ಸಣ್ಣ ಮಾಡಿದ. ಅವನ ಹೆಬ್ಬೆರಳಿನಲ್ಲಿ ಚಿಕ್ಕಂದಿನಲ್ಲಿ ಅರ ಜಾರಿ ಕೊಯ್ದ ಗಾಯದ ತಗ್ಗಿತ್ತು. ಒಮ್ಮೆ ಗಿರಾಕಿಯೊಬ್ಬನ ನಳಿಗೆಯ ಮೇಲೆ ಇದೇ ಮಚ್ಚೆ ಇದೇ ಗೆರೆಯ ಸಮೇತ ಎದ್ದಿತ್ತು. ಯಾರದು ಅಂತ ಅಪ್ಪ ಕೇಳಿದಾಗ ಅಣ್ಣ ನನ್ನದು ಅಂದಿದ್ದ. ಅಪ್ಪ ಅಣ್ಣನ ಹೆಬ್ಬೆರಳನ್ನು ತಿರುಗಿಸಿ ನೋಡಿ, ಮಚ್ಚೆಗೆ ಏನೂ ಇಲ್ಲ, ಸುಳ್ಳಿಗೆ ಎರಡು ಅಂತ ಬಾರಿಸಿದ್ದ.

"ಹಿಂದಿನ ಸಲದ್ದೂ ನಿನ್ನದೇನಾ?"

"ಹೂಂ."

"ಅದರ ಹಿಂದಿನದು?"

"ಅದೂ."

"ಲೋ, ಪಾಪ ಆ ನೀರಿನವನನ್ನ ಎಷ್ಟು ಬೈದೆಯಲ್ಲೋ" ಅಂದ ಅಣ್ಣ. ಮುಖದಲ್ಲಿ ನಗುವಿನಂಥದು ಏನೋ ಬಂದು, ನಿಲ್ಲಲು ಜಾಗ ಸಿಗದೆ ಹೋಯಿತು. ನಳಿಗೆಯನ್ನು ಮೆತ್ತಗೆ ಮೇಜಿನ ಬಟ್ಟೆಯ ಮೇಲಿಟ್ಟ. ಮತ್ತೆ ಬಕೆಟ್ಟಿನ ಮೇಲೆ ಕೂತ.

"ಯಾವಾಗ ಗೊತ್ತಾಯ್ತು ನಿಂಗೆ?"

"ಬಿಚ್ಚಿದ ದಿನಾನೇ. ತುದೀಲಿ ಕೈಗುರುತಿತ್ತು."

ಅಣ್ಣ ತನ್ನ ಅಂಗೈಯನ್ನು ನೋಡಿಕೊಂಡ. ಅದೇ ಹೇಳಿಕೊಟ್ಟಿತೇನೋ ಎಂಬಂತೆ.

"ಅವಳಿಗೆ?"

"ಅತ್ತಿಗೆಗೆ ನನಗಿಂತ ಮುಂಚೆ ಗೊತ್ತು."

ಈ ಮಾತು ಅಣ್ಣನಿಗೆ ಬೇರೆಲ್ಲಕ್ಕಿಂತ ಹೆಚ್ಚು ತಾಗಿತು. ತಾನು ಚೆನ್ನಾಗಿ ಬಚ್ಚಿಟ್ಟಿದ್ದೇನೆ ಅಂದುಕೊಂಡಿದ್ದವನು, ಮನೆಯಲ್ಲಿ ಇಷ್ಟು ದಿನ ತನ್ನ ಜೊತೆ ಉಂಡು, ತರಕಾರಿಯ ಬೆಲೆ ಮಾತಾಡಿ, ದೀಪ ಆರಿಸಿ ಮಲಗಿದವಳು ಏನನ್ನು ಹೊತ್ತುಕೊಂಡು ಅದನ್ನೆಲ್ಲ ಮಾಡುತ್ತಿದ್ದಳು ಎಂದು ಎಣಿಸುತ್ತಿರುವ ಹಾಗೆ ಕೂತ. ತೊಟ್ಟಿಯ ನೀರು ಗುಳುಗುಳು ಅನ್ನುತ್ತಿತ್ತು. ತಮ್ಮ ದಿನಗಟ್ಟಲೆ ಕಟ್ಟಿದ್ದ ವಾಕ್ಯಗಳನ್ನು ಹುಡುಕಿದ. ಒಂದೂ ಸಿಗಲಿಲ್ಲ. ಸಿಕ್ಕಿದ್ದು ಇಷ್ಟೇ.

"ಆ ತೋಟಾ ಡಬ್ಬಿ ತಂದುಕೊಡು ಅಣ್ಣ."

ಅಣ್ಣ ಬಗ್ಗಿ, ನಳಿಗೆಯ ಬುಡವನ್ನು ನೋಡಿದ. "ಮೀನು ಹೋಗ್ತಾ ಇದೆಯಲ್ಲೋ" ಅಂದ. "ಇನ್ನೆಷ್ಟು ಸಲ ಉಜ್ತೀಯ?"

"ಗೊತ್ತಿಲ್ಲ."

"ಕಬ್ಬಿಣ ತಡೀಬೇಕಲ್ಲ."

ಎದ್ದು ಚಪ್ಪಲಿ ಮೆಟ್ಟಿದ. ತಮ್ಮ ಬಾಗಿಲವರೆಗೆ ಹಿಂದೆ ಹೋದ. ಹೊಸ್ತಿಲು ದಾಟಿ, ಬೀದಿಯ ಕಡೆ ಮುಖ ಮಾಡಿಕೊಂಡೇ ಅಣ್ಣ ಹೇಳಿದ.

"ಆವತ್ತು ಬೆಳಿಗ್ಗೆ ಅವನು ನಂಗೆ ಟೀ ತಂದುಕೊಟ್ಟಿದ್ದ. ಮೇಲಕ್ಕೆ. ಏಣಿ ಹತ್ತೋಕೆ ಎರಡು ಕೈ ಬೇಕು ಕಣೋ. ಲೋಟ ಹೇಗೆ ಹಿಡ್ಕೊಂಡು ಬಂದನೋ ಏನೋ. ಕೇಳೋಣ ಅಂದ್ಕೊಂಡೆ. ಮಧ್ಯಾಹ್ನ ಕೇಳಿದ್ರಾಯ್ತು ಅಂತ ಬಿಟ್ಟೆ."

ಹಗ್ಗ ತುಂಡಾದಾಗಿನಿಂದ ಸತ್ತವನ ಬಗ್ಗೆ ಅಣ್ಣ ಆಡಿದ ಮೊದಲ ಮಾತು ಅದು. ತಮ್ಮನಿಗೆ ಏನಾದರೂ ಹೇಳಬೇಕು ಅನ್ನಿಸಿತು. ಹೇಳಲು ಎಲ್ಲರ ಹತ್ತಿರ ಇದ್ದ, ನಿನ್ನ ತಪ್ಪಿಲ್ಲ ಎಂಬ ಮಾತೇ ಅವನ ಹತ್ತಿರವೂ ಇತ್ತು. ಅದನ್ನು ಹೇಳದಿರುವಷ್ಟು ಮಾತ್ರ ಅವನಿಂದಾಯಿತು. ಅಣ್ಣ ಬೀದಿಯ ತಿರುವಿನವರೆಗೂ ತಲೆಯೆತ್ತದೆ ನಡೆದು ಹೋದ.

ಮನೆ ಮುಟ್ಟಿದರು, ಕೂತಿದ್ದಾರೆ, ಏನಾದರೂ ಮಾತಾಯಿತಾ ಅಂತ ಅತ್ತಿಗೆ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಕೇಳಿದಳು. ಆಯಿತು ಅಂದ. ಒಳ್ಳೆಯದಾಯಿತಾ ಕೆಟ್ಟದ್ದಾಯಿತಾ ಅಂದಳು. ಗೊತ್ತಿಲ್ಲ ಅಂದ. ಆಕೆಯೂ ಫೋನಿಡಲಿಲ್ಲ, ಇವನೂ ಇಡಲಿಲ್ಲ.

ಮಾರನೆಯ ದಿನ ತಮ್ಮ ಕೆಲಸಕ್ಕೆ ಹೋಗಲಿಲ್ಲ. ನಳಿಗೆಯನ್ನು ಮತ್ತೆ ಉಜ್ಜಿ ಬೆಳ್ಳಗೆ ಮಾಡಿ, ಸೋಡಾ ನೀರಿನಲ್ಲಿ ಕುದಿಸಿ, ಒಣಗಿಸಿ ಇಟ್ಟ. ಮೀನಿನಲ್ಲಿ ಈಗ ಬೆನ್ನಿನ ಗೆರೆ, ಕಣ್ಣಿನ ಚುಕ್ಕೆ ಉಳಿದಿದ್ದವು. ಲೇಪ ಹಚ್ಚಲಿಲ್ಲ. ಅಣ್ಣ ಬರುವ ಹೊತ್ತಾಯಿತು. ಆ ಹೊತ್ತು ಕಳೆಯಿತು. ಬಚ್ಚಲಿನ ಬಕೆಟ್ಟಿಗೆ ಬಿಸಿನೀರು ತುಂಬಿಸಿದ, ಅದು ಆರಿತು, ಚೆಲ್ಲಿ ಮತ್ತೆ ತುಂಬಿಸಿದ. ಅತ್ತಿಗೆಯ ಫೋನು ಬಂತು. ಆಗಲೇ ಹೊರಟರಲ್ಲ, ಇನ್ನೂ ಬಂದಿಲ್ಲವಾ ಅಂದಳು.

ಅವನು ಬೀದಿಗೆ ಓಡಿದ. ತಿರುವಿನಲ್ಲಿ ನಿಂತರೆ ದಾರಿ ಎರಡಾಗುತ್ತದೆ. ಒಂದು ಬಸ್ಸಿನ ನಿಲ್ದಾಣಕ್ಕೆ, ಒಂದು ಕೆಳಗೆ ಹಡಗುಕಟ್ಟೆಗೆ. ಯಾವುದನ್ನು ಹಿಡಿಯುವುದು? ಒಂದರಲ್ಲಿ ಹೋದರೆ ಇನ್ನೊಂದರಲ್ಲಿ ಬಂದುಬಿಟ್ಟರೆ? ಬಂದವನು ಮನೆಯಲ್ಲಿ ತಾನಿಲ್ಲದ್ದು ನೋಡಿ ಹಾಗೇ ಹಿಂತಿರುಗಿದರೆ? ಕೆಳಗೆ ಕ್ರೇನುಗಳ ತಲೆಗಳು ಕಾಣುತ್ತಿದ್ದವು. ಅವುಗಳಲ್ಲಿ ಒಂದು ನಿಧಾನವಾಗಿ ತಿರುಗುತ್ತಿತ್ತು. ಅವನು ಅಲ್ಲೇ ನಿಂತ. ಕಾಲುಗಳಿಗೆ ಎರಡು ಕಡೆಗೂ ಹೋಗುವ ಶಕ್ತಿಯಿತ್ತು, ಯಾವ ಕಡೆಗೆ ಅನ್ನುವವರು ಇರಲಿಲ್ಲ. ಕೊನೆಗೆ ಮನೆಗೆ ವಾಪಸು ಬಂದು ಹೊಸ್ತಿಲ ಮೇಲೆ ಕೂತ. ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಎದುರು ಮನೆಯವರು ಏನು ಇಬ್ಬರೂ ಬಾಗಿಲಲ್ಲೇ ಕೂತಿದ್ದೀರಿ ಅಂದರು. ಗಾಳಿಗೆ ಅಂತ ಅವಳೇ ಹೇಳಿದಳು.

ಅಣ್ಣ ಹಡಗುಕಟ್ಟೆಯ ದಾರಿಯಿಂದ ಬಂದ. ನಡೆದು ಬಂದಿದ್ದ, ಅಂಗಿ ಬೆನ್ನಿಗೆ ಅಂಟಿತ್ತು. ಕೈ ಖಾಲಿ. ತಮ್ಮನ ಕಣ್ಣು ತಾನಾಗಿಯೇ ಅವನ ಜೇಬುಗಳಿಗೆ ಹೋಯಿತು, ಜೇಬುಗಳು ಚಪ್ಪಟೆಯಾಗಿದ್ದವು. ನೋಡಿದ್ದನ್ನು ಅಣ್ಣ ನೋಡಿದ.

"ತಂದಿಲ್ಲ" ಅಂದ.

"ಪರವಾಗಿಲ್ಲ" ಅಂದ ತಮ್ಮ. ಪರವಾ ಇತ್ತು.

ಒಳಗೆ ಬಂದು ಅಣ್ಣ ಬಕೆಟ್ಟಿನ ಮೇಲೆ ಕೂರಲಿಲ್ಲ. ನಲ್ಲಿಯ ಹತ್ತಿರ ನಿಂತು ಸೋಪು ಹಚ್ಚಿ ಕೈ ತೊಳೆದ, ಮತ್ತೆ ತೊಳೆದ, ಅಪ್ಪ ತೊಳೆಯುತ್ತಿದ್ದ ಹಾಗೆ ಮೊಣಕೈವರೆಗೆ. ಇವತ್ತು ನಾನು ಹಚ್ಚಲಾ ಅಂತ ಕೇಳಿದ.

ತಮ್ಮ ಹತ್ತಿಯುಂಡೆಯನ್ನು ದ್ರಾವಣಕ್ಕೆ ಅದ್ದಿ, ಹಿಂಡಿ, ಅವನ ಬೆರಳುಗಳ ನಡುವೆ ಇಟ್ಟ. ಅಣ್ಣ ಉಸಿರು ಬಿಗಿಹಿಡಿದು ಬುಡದಿಂದ ಎಳೆಯತೊಡಗಿದ. ಎಳೆತ ಹಾವಿನ ಹಾಗೆ ಹರಿಯಿತು, ಒಂದು ಕಡೆ ಎರಡೆರಡು ಸಲ ತಾಗಿತು, ಒಂದು ಕಡೆ ತಾಗಲೇ ಇಲ್ಲ. ಮೀನಿನ ಮೇಲೊಂದು ಹನಿ ಬಿದ್ದು ಇಳಿಯಿತು. ತಮ್ಮನ ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಲಾರಿಯ ಮೇಲಿನ ಲೋಟ ಅಲುಗದ ಹಾಗೆ ಕಬ್ಬಿಣ ಇಳಿಸುತ್ತಿದ್ದ ಕೈ ಅದು. ಈಗ ಒಂದು ಹತ್ತಿಯುಂಡೆಯನ್ನು ನಳಿಗೆಯ ಕೊನೆ ಮುಟ್ಟಿಸುವುದನ್ನು ನೋಡುತ್ತ ನಿಲ್ಲುವುದಷ್ಟೇ ತಮ್ಮನಿಂದ ಆಗುತ್ತಿದ್ದದ್ದು. ಅಣ್ಣ ನಳಿಗೆಯ ಬಾಯಿಯವರೆಗೆ ಬಂದ. ಅಲ್ಲಿ, ಒಂದು ಹಿಡಿಯಷ್ಟು ಅಗಲದಲ್ಲಿ, ಅವನ ಕೈ ನಿಂತಿತು. ಆಮೇಲೆ ಅದನ್ನೂ ಸವರಿ ಮುಗಿಸಿದ.

"ಹಾಳಾಯ್ತು" ಅಂದ.

"ಹೂಂ."

"ಮತ್ತೆ ಉಜ್ಜಬೇಕಾ?"

"ತುಕ್ಕು ಬಂದ ಮೇಲೆ ನೋಡೋಣ."

ಇಬ್ಬರೂ ಆ ಕಡೆ ಈ ಕಡೆ ಬಿರಡೆ ಹಿಡಿದು ನಳಿಗೆಯನ್ನು ಬಚ್ಚಲುಮನೆಗೆ ಒಯ್ದು ಹಬೆಯಲ್ಲಿ ತೂಗುಹಾಕಿದರು. ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು. ಅಣ್ಣ ಕೈಗಳನ್ನು ಮಂಡಿಗಳ ನಡುವೆ ಇಟ್ಟು ಒತ್ತಿ ಹಿಡಿದಿದ್ದ. ಹಡಗುಕಟ್ಟೆಗೆ ಯಾಕೆ ಹೋಗಿದ್ದೆ ಅಂತ ತಮ್ಮ ಕೇಳಲಿಲ್ಲ. ಡಬ್ಬಿ ಎಲ್ಲಿದೆ ಅಂತಲೂ ಕೇಳಲಿಲ್ಲ. ಕೇಳಿದರೆ ಎದ್ದು ಹೋಗುತ್ತಾನೋ, ಕೇಳದಿದ್ದರೆ ಹೋಗುತ್ತಾನೋ ಯಾರಿಗೆ ಗೊತ್ತು. ಭುಜಕ್ಕೆ ಭುಜ ತಾಗುತ್ತಿತ್ತು. ಅಣ್ಣನ ನಡುಕ ಅದರ ಮೂಲಕ ಇವನಿಗೂ ಬರುತ್ತಿತ್ತು.

ಹೆಂಡತಿ ಮೂರು ಲೋಟ ಟೀ ಹಿಡಿದು ಬಂದಳು. ಮುಚ್ಚಿದ ಬಾಗಿಲನ್ನು ನೋಡಿ, ಬಹಳ ದಿನಗಳ ಮೇಲೆ ತನ್ನ ಹಳೆಯ ದನಿಯಲ್ಲಿ ಕೇಳಿದಳು.

"ಇವತ್ತೂ ಬಚ್ಚಲಿಲ್ಲ ಅನ್ನಿ."

"ಇವತ್ತೂ ಇಲ್ಲಮ್ಮ" ಅಂದ ಅಣ್ಣ.

"ನಾಳೆ?"

ತಮ್ಮ ಅಣ್ಣನ ಕಡೆ ನೋಡಿದ. ಅಣ್ಣ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಚೆಲ್ಲದ ಹಾಗೆ ಬಗ್ಗಿ, ತುಟಿಯನ್ನು ಅದರ ಹತ್ತಿರ ತಂದ. ಅವನು ಕುಡಿದು ಮುಗಿಸುವವರೆಗೂ ಉಳಿದ ಇಬ್ಬರೂ ತುಂಬಿದ ಲೋಟ ಹಿಡಿದು ಕಾದರು.